ಮಡ್ಡಿ ವಾಟರ್ಸ್ ಧ್ವನಿಗೆ 60,000 ರೂಪಾಯಿಯ ಆಂಪ್ ಬೇಕೆ?

ಪ್ರಶ್ನೆ: ಸರ್, ನಾನು ಧಾರವಾಡದವನು, ವಯಸ್ಸು 26. ಆರು ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದೇನೆ, ಮೊದಲೆಲ್ಲ ರಾಕ್ ಮತ್ತು ಮೆಟಲ್. ಹೋದ ವರ್ಷ ಇಂಗ್ಲೆಂಡಿನ ರಾಕ್ ತಂಡಕ್ಕೆ ರೋಲಿಂಗ್ ಸ್ಟೋನ್ಸ್ ಎಂಬ ಹೆಸರು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋಗಿ, ಬ್ಲೂಸ್ ಎನ್ನುವ ಅಮೆರಿಕದ ಕಪ್ಪು ಜನರ ಸಂಗೀತದ ಗಾಯಕ, ಗಿಟಾರಿಗ ಮಡ್ಡಿ ವಾಟರ್ಸ್ ಕೇಳಿದೆ. ಅವತ್ತಿನಿಂದ ಬೇರೆ ಏನೂ ರುಚಿಸುತ್ತಿಲ್ಲ. ನೋಡಿದರೆ ಒಂದೋ ಮೂರೋ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗುಚ್ಛ). ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಎಂದು ಅಂಕಿಯಲ್ಲಿ ಬರೆದ ಹಾಳೆ) ನೋಡಿಕೊಂಡು ಅವೇ ಸ್ವರ ನುಡಿಸಿದರೂ ಆ ಧ್ವನಿ ಬರುವುದಿಲ್ಲ. ಗೆಳೆಯರು ದಪ್ಪ ತಂತಿ ಹಾಕು ಅಂದರು. 09ರ ಸೆಟ್ (ಅತಿ ತೆಳ್ಳನೆಯ ತಂತಿ ಇಂಚಿನ ಸಾವಿರದಲ್ಲಿ 9 ಭಾಗ ದಪ್ಪ) ತೆಗೆದು 12ರದ್ದು ಹಾಕಿದೆ. ಈಗ ಬ್ರಿಡ್ಜ್ (ತಂತಿಗಳನ್ನು ಹೊರುವ ಕುದುರೆ) ಮೇಲೆದ್ದಿದೆ, ತಂತಿ ಫ್ರೆಟ್‌ನಿಂದ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ತುಂಬಾ ಎತ್ತರದಲ್ಲಿದೆ, ಎಡಗೈ ಮಣಿಕಟ್ಟು ನೋಯುತ್ತದೆ. ಧ್ವನಿಯನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ಹಾಕಿದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಸದ್ದು. ಬೆಂಗಳೂರಿನಲ್ಲಿ ಒಬ್ಬರು ಅಮೆರಿಕದಿಂದ ತಂದ ಹಳೆಯ ವಾಲ್ವ್ ಆಂಪ್ (ಗಾಜಿನ ವಾಲ್ವ್‌ಗಳಿಂದ ಗಿಟಾರಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) 60,000ಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಸಾಲ ಮಾಡಿ ತೆಗೆದುಕೊಳ್ಳಲೇ? ಅಪ್ಪ ಭಜನಾ ಮಂಡಳಿಯಲ್ಲಿ ತಬಲಾ ನುಡಿಸುತ್ತಾರೆ, ಅವರಿಗೆ ಈ ಖರ್ಚಿನ ತಲೆಬುಡ ತಿಳಿಯುತ್ತಿಲ್ಲ. ನಮ್ಮ ಬ್ಯಾಂಡಿನ ಒಬ್ಬನಂತೂ ‘ಅದು ಕಷ್ಟ ಉಂಡವರ ಸಂಗೀತ, ರಕ್ತದಲ್ಲೇ ಬರಬೇಕು, ನಿನಗೆ ಬರಲ್ಲ ಬಿಡು’ ಅಂದ. ನಿಜವೇ?

ಉತ್ತರ: ಮುಂದೆ ಓದುವ ಮೊದಲು ಎದ್ದು ಹೋಗಿ ಗಿಟಾರಿನ ಆರೂ ತಂತಿ ಸಡಿಲಿಸಿ ಬನ್ನಿ. ಬ್ರಿಡ್ಜ್ ಎದ್ದ ಗಿಟಾರನ್ನು ಹಾಗೇ ಗೋಡೆಗೆ ಒರಗಿಸಿಟ್ಟರೆ ದಿನದಿಂದ ದಿನಕ್ಕೆ ನೆಕ್, ಅಂದರೆ ಕತ್ತು, ಇನ್ನಷ್ಟು ಬಾಗುತ್ತದೆ. ಮಡ್ಡಿ ವಾಟರ್ಸ್ ಎಪ್ಪತ್ತು ವರ್ಷ ಕಾದಿದ್ದಾನೆ, ಇನ್ನು ಐದು ನಿಮಿಷ ಕಾಯುತ್ತಾನೆ. (ಏಕವಚನಕ್ಕೆ ಕ್ಷಮೆ ಇರಲಿ. ನಮ್ಮಲ್ಲಿ ದೇವರನ್ನೂ ಹೀಗೇ ಕರೆಯುವುದು.)

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ: ಕೆಟ್ಟು ಕೂತ ಗಿಟಾರ್, ಕೊಳ್ಳಬೇಕೋ ಬೇಡವೋ ಎನ್ನುವ ಆಂಪ್, ಮತ್ತೆ ಆ ಗೆಳೆಯನ ಮಾತು. ಎರಡು ದಶಕದಿಂದ ಗಿಟಾರ್ ರಿಪೇರಿ ಮಾಡುತ್ತ, ಸಂಜೆ ಹೊತ್ತು ಕಲಿಸುತ್ತ ಬಂದಿದ್ದೇನೆ. ಇಂಥ ಪತ್ರ ತಿಂಗಳಿಗೊಂದಾದರೂ ಬರುತ್ತದೆ. ಆಂಪ್ ವಿಷಯಕ್ಕೆ ನನ್ನ ಉತ್ತರ ಈಗಲೇ ಹೇಳಿಬಿಡುತ್ತೇನೆ: ಬೇಡ. ಸದ್ಯಕ್ಕಂತೂ ಬೇಡ, ಸಾಲ ಮಾಡಿಯಂತೂ ಬೇಡವೇ ಬೇಡ. ಯಾಕೆ ಎನ್ನುವುದಕ್ಕೆ ಸ್ವಲ್ಪ ಸುತ್ತು ಹಾಕಬೇಕು.

ಮೊದಲು ಗಿಟಾರ್. 09ರ ಸೆಟ್ಟಿನ ಆರು ತಂತಿಗಳು ಸೇರಿ ನೆಕ್ಕನ್ನು ಸುಮಾರು 38 ಕೆಜಿ ಬಲದಲ್ಲಿ ಎಳೆಯುತ್ತವೆ. 12ರ ಸೆಟ್ ಅದೇ ಶ್ರುತಿಯಲ್ಲಿ 60 ಕೆಜಿ ದಾಟುತ್ತದೆ. ಅರ್ಧ ಮೂಟೆ ಸಿಮೆಂಟನ್ನು ನೀವು ಗಿಟಾರಿಗೆ ಹೆಚ್ಚುವರಿ ನೇತುಹಾಕಿದಂತಾಯಿತು. ನಿಮ್ಮದು ಅಲುಗಾಡುವ ಬ್ರಿಡ್ಜ್. ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಳಗೆ ಸಾಮಾನ್ಯವಾಗಿ ಮೂರು ಸ್ಪ್ರಿಂಗ್ ಕಾಣುತ್ತವೆ. ಮುಂದೆ ತಂತಿ ಎಳೆಯುವ ಬಲ, ಹಿಂದೆ ಸ್ಪ್ರಿಂಗ್ ಎಳೆಯುವ ಬಲ, ಎರಡೂ ಸಮ ಇದ್ದರೆ ಬ್ರಿಡ್ಜ್ ಮಟ್ಟಸವಾಗಿ ಕೂರುತ್ತದೆ. ನೀವು ಒಂದು ಕಡೆ ಮಾತ್ರ ಹೆಚ್ಚಿಸಿದಿರಿ, ಅದು ಎದ್ದಿತು. ತಂತಿ ಎತ್ತರಕ್ಕೆ ಹೋಯಿತು, ಒತ್ತಲು ಎರಡರಷ್ಟು ಬಲ ಬೇಕಾಯಿತು, ಮಣಿಕಟ್ಟು ನೊಂದಿತು. ಇಲ್ಲಿ ನಿಮ್ಮ ಕೈಯ ತಪ್ಪೇನೂ ಇಲ್ಲ.

ದಪ್ಪ ತಂತಿಯ ಮಾತು ಅರ್ಧ ಸತ್ಯ. ಮಡ್ಡಿ ದಪ್ಪ ತಂತಿ ಹಾಕುತ್ತಿದ್ದದ್ದು ಹೌದು. ಆದರೆ ಅವನು ಬಹಳಷ್ಟನ್ನು ಕಿರುಬೆರಳಿಗೆ ಸ್ಲೈಡ್ (ಗಾಜಿನ ಇಲ್ಲವೇ ಲೋಹದ ಕೊಳವೆ) ತೊಟ್ಟು ನುಡಿಸುತ್ತಿದ್ದವನು. ಸ್ಲೈಡ್ ತಂತಿಯ ಮೇಲೆ ಜಾರಬೇಕೇ ಹೊರತು ಫ್ರೆಟ್‌ಗೆ ತಾಕಬಾರದು. ಅದಕ್ಕೆ ತಂತಿ ಬಿಗಿಯಾಗಿ, ಎತ್ತರವಾಗಿ ಇದ್ದರೇ ಅನುಕೂಲ. ನೀವು ಬೆರಳಲ್ಲಿ ತಂತಿ ಎಳೆಯುವವರು, ನಿಮಗೆ ಅದೇ ಅನುಕೂಲ ಶಿಕ್ಷೆಯಾಗುತ್ತದೆ. ಝಡ್‌ಝಡ್ ಟಾಪ್‌ನ (ಅಮೆರಿಕದ ರಾಕ್ ತಂಡ) ಗಿಟಾರಿಗ ಬಿಲ್ಲಿ ಗಿಬನ್ಸ್ ಒಂದು ಪ್ರಸಂಗ ಆಗಾಗ ಹೇಳುತ್ತಾರೆ: ಬಿ.ಬಿ. ಕಿಂಗ್ ಒಮ್ಮೆ ಅವರ ಗಿಟಾರ್ ಕೈಗೆತ್ತಿಕೊಂಡು, ದಪ್ಪ ತಂತಿ ಮುಟ್ಟಿ ನೋಡಿ, ಇಷ್ಟೊಂದು ಯಾಕೆ ಕಷ್ಟಪಡುತ್ತೀಯ ಎಂದು ಕೇಳಿದರಂತೆ. ಬ್ಲೂಸ್ ಗಿಟಾರಿನ ದೊರೆಯೇ ಹಾಗೆ ಕೇಳಿದ ಮೇಲೆ ನಿಮ್ಮ ಗೆಳೆಯರ ಸಲಹೆಯನ್ನು ಪಕ್ಕಕ್ಕಿಡಬಹುದು.

10ರ ಸೆಟ್ ಹಾಕಿ, ಎಳೆತ 47 ಕೆಜಿ ಆಸುಪಾಸು ಇರುತ್ತದೆ. ಕೈಗೆ ತುಸು ಗಟ್ಟಿ ಬೇಕೆನಿಸಿದರೆ 11ರ ಸೆಟ್ ಹಾಕಿ ಎಲ್ಲ ತಂತಿಯನ್ನೂ ಅರ್ಧ ಸ್ವರ ಇಳಿಸಿ. ಅರ್ಧ ಸ್ವರ ಇಳಿಸಿದರೆ ಎಳೆತ ಶೇ 11ರಷ್ಟು ಇಳಿಯುತ್ತದೆ, ಹೆಚ್ಚುಕಡಿಮೆ 10ರ ಬಿಗಿಗೇ ಬಂದು ನಿಲ್ಲುತ್ತದೆ. ಯಾವುದೇ ಹಾಕಿದರೂ ಹಿಂದಿನ ಸ್ಪ್ರಿಂಗ್ ಹಿಡಿದ ಎರಡು ಸ್ಕ್ರೂಗಳನ್ನು ತುಸು ಬಿಗಿ ಮಾಡಿ ಬ್ರಿಡ್ಜ್ ಮಟ್ಟಕ್ಕೆ ತರಬೇಕಾಗುತ್ತದೆ. ಟ್ರಸ್ ರಾಡ್ (ನೆಕ್ಕಿನೊಳಗೆ ಬಾಗು ಸರಿಪಡಿಸುವ ಕಂಬಿ) ನೀವೇ ತಿರುಗಿಸುವುದಾದರೆ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ, ಒಂದು ರಾತ್ರಿ ಬಿಟ್ಟು ನೋಡಿ. ತಿರುಗದಿದ್ದರೆ ಬಲ ಹಾಕಬೇಡಿ. ರಾಡ್ ತುಂಡಾದರೆ ನೆಕ್ಕೇ ಹೋದಂತೆ. ಮಣಿಕಟ್ಟಿಗೆ ಎರಡು ವಾರ ರಜೆ ಕೊಡಿ. ಬೆರಳು ಜುಮುಜುಮು ಅನ್ನುವುದು, ಮರಗಟ್ಟುವುದು ಇದ್ದರೆ ಗಿಟಾರ್ ಮೇಷ್ಟ್ರನ್ನು ಕೇಳಬೇಡಿ, ಡಾಕ್ಟರಿಗೆ ತೋರಿಸಿ.

ಇನ್ನು ನಿಮ್ಮ ಬ್ಯಾಂಡಿನ ಗೆಳೆಯ ಹೇಳಿದ ರಕ್ತದ ಮಾತು. ಇದು ಹೊಗಳಿಕೆಯ ಹಾಗೆ ಕೇಳಿಸುತ್ತದೆ, ಒಳಗೆ ಅವಮಾನ ಇದೆ. ಆ ಜನ ಕಲಿತರು, ದುಡಿದರು, ಯೋಚಿಸಿದರು ಎನ್ನುವುದನ್ನು ಅದು ಒಪ್ಪುವುದಿಲ್ಲ. ಹೂವರಳಿದ ಹಾಗೆ ತಾನಾಗಿ ಬಂತು ಎನ್ನುತ್ತದೆ. ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ನಡುರಾತ್ರಿ ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ಕಲಿತ ಎಂಬ ಕಥೆಯೂ ಇದೇ ಗುಂಪಿನದು. ಆ ಕಥೆ ಮೊದಲು ಟಾಮಿ ಜಾನ್ಸನ್ ಎಂಬ ಬೇರೆಯೇ ಗಾಯಕನ ಬಗ್ಗೆ ಇತ್ತು. ರಾಬರ್ಟ್‌ನಿಗೆ ಕಲಿಸಿದವನು ಐಕ್ ಝಿಮರ್‌ಮನ್ ಎಂಬ ಮನುಷ್ಯ. ಇಬ್ಬರೂ ರಾತ್ರಿ ಸ್ಮಶಾನದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರಂತೆ, ಯಾಕೆಂದರೆ ಅಲ್ಲಿ ಯಾರೂ ಬೈಯುವುದಿಲ್ಲ. ಅಕ್ಕಪಕ್ಕದ ಮನೆಯವರ ಕಾಟ ಬಲ್ಲ ಗಿಟಾರಿಗರಿಗೆ ಸೈತಾನನ ಕಥೆಗಿಂತ ಇದೇ ಹೆಚ್ಚು ನಂಬಿಕೆಗೆ ಅರ್ಹ.

ಮಡ್ಡಿಯ ವಿಷಯದಲ್ಲಿ ದಾಖಲೆಯೇ ಇದೆ. ಮ್ಯಾಕಿನ್ಲಿ ಮಾರ್ಗನ್‌ಫೀಲ್ಡ್ ಅವನ ಹೆಸರು. ಕೆಸರಲ್ಲಿ ಆಡುತ್ತಿದ್ದನೆಂದು ಅಜ್ಜಿ ಇಟ್ಟ ಅಡ್ಡಹೆಸರು ಮಡ್ಡಿ. ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಹತ್ತಿರದ ಸ್ಟೋವಾಲ್ ಹತ್ತಿ ತೋಟದಲ್ಲಿ ಬೆಳೆದ. 1941ರ ಆಗಸ್ಟ್‌ನಲ್ಲಿ ಜನಪದ ಹಾಡು ಸಂಗ್ರಹಿಸುತ್ತಿದ್ದ ಅಲನ್ ಲೋಮ್ಯಾಕ್ಸ್ ಮತ್ತು ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್ ರೆಕಾರ್ಡಿಂಗ್ ಯಂತ್ರ ಹೊತ್ತು ಅಲ್ಲಿಗೆ ಹೋದರು. ಕಳ್ಳಭಟ್ಟಿ ಮಾರುತ್ತಿದ್ದ ಮಡ್ಡಿ, ಅಬಕಾರಿಯವರೇ ಬಂದರು ಎಂದು ಹೆದರಿದ್ದನಂತೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಅವನ ಹಾಡು ಮುದ್ರಿಸಿಕೊಂಡು ಅಲ್ಲೇ ತಿರುಗಿ ಕೇಳಿಸಿದರು. ಆಮೇಲೆ ಎರಡು ಪ್ರತಿ ಗ್ರಾಮಫೋನ್ ಡಿಸ್ಕ್, 20 ಡಾಲರಿನ ಚೆಕ್ ಕಳಿಸಿಕೊಟ್ಟರು. ಸಂಶೋಧಕರು ಅವನಿಗೆ ಯಾವ ಯಾವ ಹಾಡು ಬರುತ್ತದೆ ಎಂದು ಪಟ್ಟಿಯನ್ನೂ ಮಾಡಿದರು. ಅದರಲ್ಲಿ ಬ್ಲೂಸ್ ಜೊತೆಗೆ ಜೀನ್ ಆಟ್ರಿಯ ಕೌಬಾಯ್ ಹಾಡುಗಳೂ ಆ ಕಾಲದ ಜನಪ್ರಿಯ ಹಾಡುಗಳೂ ಇವೆ. ಸ್ಲೈಡ್ ಅವನಿಗೆ ಹಿರಿಯ ಬ್ಲೂಸ್ ಗಾಯಕ ಸನ್ ಹೌಸ್‌ನನ್ನು ನೋಡಿ ನೋಡಿ ಬಂದದ್ದು. ಉಳಿದದ್ದು ಡಿಸ್ಕ್ ಕೇಳಿ ಕೇಳಿ ಕಲಿತದ್ದು. ನೀವು ಟ್ಯಾಬ್ ನೋಡುತ್ತೀರಿ, ಅವನು ಪ್ಲೇಟ್ ಕೇಳುತ್ತಿದ್ದ. ಕಲಿಯುವ ಹಸಿವು ಒಂದೇ.

ಹಾಗೆಂದು ಕಷ್ಟ ಸುಳ್ಳೆಂದಲ್ಲ. ಅವನು ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಗಂಟೆಗೆ ಇಪ್ಪತ್ತೆರಡೂವರೆ ಸೆಂಟ್ ಕೂಲಿ. ಅದನ್ನು 25 ಮಾಡಿ ಎಂದು ಕೇಳಿದ್ದಕ್ಕೆ ಮೇಸ್ತ್ರಿ ರೇಗಾಡಿದ. 1943ರಲ್ಲಿ ಮಡ್ಡಿ ಶಿಕಾಗೋ ರೈಲು ಹತ್ತಿದ. 1910ರ ದಶಕದಿಂದ 1970ರ ತನಕ ದಕ್ಷಿಣದ ಹೊಲ ಬಿಟ್ಟು ಉತ್ತರದ ಕಾರ್ಖಾನೆ ಊರುಗಳಿಗೆ ಹೋದ ಸುಮಾರು 60 ಲಕ್ಷ ಕಪ್ಪು ಜನರಲ್ಲಿ ಅವನೂ ಒಬ್ಬ. ಆ ವಲಸೆ ಆಗದಿದ್ದರೆ ನಿಮ್ಮ ಪ್ರಶ್ನೆಯಲ್ಲಿರುವ ಎಲೆಕ್ಟ್ರಿಕ್ ಧ್ವನಿಯೇ ಇರುತ್ತಿರಲಿಲ್ಲ.

ಆಂಪ್ ಈ ಕಥೆಯೊಳಗೆ ಬರುವುದೇ ಇಲ್ಲಿ. ಹಗಲು ಕಾಗದದ ಕಾರ್ಖಾನೆಯಲ್ಲಿ ದುಡಿಮೆ, ಲಾರಿ ಓಡಿಸುವ ಕೆಲಸ, ರಾತ್ರಿ ಕ್ಲಬ್ಬುಗಳಲ್ಲಿ ಹಾಡು. ಶಿಕಾಗೋದ ದಕ್ಷಿಣ ಭಾಗದ ಆ ಕ್ಲಬ್ಬುಗಳಲ್ಲಿ ಜನ ಕುಡಿಯುತ್ತಾರೆ, ಕುಣಿಯುತ್ತಾರೆ, ಕೂಗಾಡುತ್ತಾರೆ. ಮರದ ಗಿಟಾರ್ ಎರಡನೇ ಟೇಬಲ್ಲಿಗೂ ಮುಟ್ಟುವುದಿಲ್ಲ. ಕ್ಲಬ್ಬಿಗೆ ಕಾಲಿಟ್ಟ ಕೂಡಲೇ ನನಗೆ ಮೊದಲು ಬೇಕೆನಿಸಿದ್ದು ಆಂಪ್ಲಿಫೈಯರ್, ಇಲ್ಲದಿದ್ದರೆ ಯಾರ ಕಿವಿಗೂ ಬೀಳುತ್ತಿರಲಿಲ್ಲ ಎಂಬ ಅರ್ಥದ ಮಾತನ್ನು ಅವನೇ ಹೇಳಿದ್ದಾನೆ. ಸೋದರಮಾವ ಒಂದು ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದ. ಜಾತ್ರೆಯಲ್ಲಿ ನಾಟಕದವರು ಮೈಕ್ ಹಾಕಿಸುವುದಕ್ಕೆ ಯಾವ ಕಾರಣವೋ ಇದಕ್ಕೂ ಅದೇ ಕಾರಣ.

1948ರಲ್ಲಿ ಅರಿಸ್ಟೋಕ್ರಾಟ್ ಕಂಪನಿಗೆ ಅವನು ಮಾಡಿದ ಡಿಸ್ಕ್ ಕೇಳಿ ನೋಡಿ. ಕಂಪನಿ ಎರಡು ವರ್ಷದಲ್ಲಿ ಚೆಸ್ ರೆಕಾರ್ಡ್ಸ್ ಆಯಿತು. ಆ ಡಿಸ್ಕಿನಲ್ಲಿ ಡ್ರಮ್ ಇಲ್ಲ, ಪಿಯಾನೋ ಇಲ್ಲ. ಒಂದು ಎಲೆಕ್ಟ್ರಿಕ್ ಗಿಟಾರ್, ಹಿಂದೆ ಬಿಗ್ ಕ್ರಾಫರ್ಡ್ ನಿಂತು ನುಡಿಸುವ ಬಾಸ್ (ಆಳೆತ್ತರದ, ಮಂದ್ರ ಸ್ವರದ ತಂತಿವಾದ್ಯ), ಮೇಲೆ ಕಂಠ. ಮೊದಲ ಕಂತು ಒಂದೇ ದಿನದಲ್ಲಿ ಖರ್ಚಾಗಿ, ಅಂಗಡಿಯವರು ಒಬ್ಬರಿಗೆ ಒಂದೇ ಪ್ರತಿ ಎಂದು ಕಟ್ಟು ಮಾಡಿದ್ದರು. ಹಾಡಿದವನಿಗೇ ತನ್ನ ಡಿಸ್ಕ್ ಬೇಕಾದಷ್ಟು ಸಿಗಲಿಲ್ಲ. ಆ ಗಿಟಾರಿನಲ್ಲಿ ಈಗಿನ ಅರ್ಥದ ಡಿಸ್ಟಾರ್ಷನ್ ಇಲ್ಲವೇ ಇಲ್ಲ ಎನ್ನಬೇಕು. ಅಂಚು ತುಸು ಒರಟು, ಅಷ್ಟೇ. ಪೆಡಲ್ ಹಾಕಿಕೊಂಡು ನೀವು ಬೆನ್ನಟ್ಟುತ್ತಿರುವುದು ಆ ಡಿಸ್ಕಿನಲ್ಲಿ ಇಲ್ಲದ ವಸ್ತುವನ್ನು.

ಒರಟು ಧ್ವನಿಯನ್ನು ಅರವತ್ತರ ದಶಕದ ಇಂಗ್ಲೆಂಡಿನ ರಾಕ್ ಹುಡುಗರು ಕಂಡುಹಿಡಿದರು ಎಂಬ ನಂಬಿಕೆಯೂ ಇದೆ. 1951ರಲ್ಲಿ ಮೆಂಫಿಸ್‌ನ ಸ್ಯಾಮ್ ಫಿಲಿಪ್ಸ್ ಸ್ಟುಡಿಯೋಗೆ ಐಕ್ ಟರ್ನರ್ ತಂಡ ಬರುವಾಗ ದಾರಿಯಲ್ಲಿ ಗಿಟಾರಿಗ ವಿಲ್ಲಿ ಕಿಝಾರ್ಟ್‌ನ ಆಂಪ್ ಕೆಟ್ಟಿತು. ಹರಿದ ಸ್ಪೀಕರಿಗೆ ಕಾಗದ ತುರುಕಿ ಹಾಗೇ ನುಡಿಸಿದರು. ಆಗ ಮುದ್ರಣವಾದದ್ದು ‘ರಾಕೆಟ್ 88’, ಮೊದಲ ರಾಕ್ ಅಂಡ್ ರೋಲ್ ಡಿಸ್ಕ್ ಯಾವುದು ಎಂಬ ಜಗಳದಲ್ಲಿ ಎಲ್ಲರೂ ಎತ್ತುವ ಹೆಸರು. ಅದಕ್ಕೂ ಮೊದಲೇ ಚರ್ಚಿನಿಂದ ಬಂದ ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ದೇವರ ಹಾಡನ್ನೇ ಕುಣಿಯುವಂತೆ ನುಡಿಸುತ್ತಿದ್ದಳು. 1945ರಲ್ಲಿ ಆಕೆಯ ಹಾಡು ಕಪ್ಪು ಜನರ ಸಂಗೀತದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತ್ತು. ರಾಕ್‌ನ ಬೇರು ಎಂದರೆ ಬರೀ ಗಂಡಸರ ಫೋಟೋ ಹಾಕುವವರು ಆಕೆ 1964ರಲ್ಲಿ ಮ್ಯಾಂಚೆಸ್ಟರಿನ ಪಾಳುಬಿದ್ದ ರೈಲು ನಿಲ್ದಾಣದಲ್ಲಿ ಮಳೆಯ ನಡುವೆ ಬಿಳಿ ಗಿಟಾರ್ ನುಡಿಸುವ ದೃಶ್ಯವನ್ನು ಒಮ್ಮೆ ನೋಡಬೇಕು.

1958ರಲ್ಲಿ ಮಡ್ಡಿ ಇಂಗ್ಲೆಂಡಿಗೆ ಹೋದಾಗ ಅಲ್ಲಿಯ ಕೇಳುಗರಿಗೆ ಬ್ಲೂಸ್ ಎಂದರೆ ಮರದ ಗಿಟಾರ್ ಹಿಡಿದ ಹಳ್ಳಿಯ ಮನುಷ್ಯ. ಇವನು ಟೆಲಿಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಆಂಪ್ ಏರಿಸಿದ. ಕಿರುಚುವ ಗಿಟಾರ್, ಊಳಿಡುವ ಪಿಯಾನೋ ಎಂದು ಪತ್ರಿಕೆ ಬರೆಯಿತು. ಕೆಲವು ವರ್ಷ ಬಿಟ್ಟು ಮತ್ತೆ ಹೋಗುವಾಗ, ಪಾಪ, ಅವರಿಗೆ ಬೇಕಾದ್ದು ಇದೇ ಇರಬೇಕೆಂದು ಮರದ ಗಿಟಾರ್ ಒಯ್ದ. ಅಷ್ಟರಲ್ಲಿ ಅಲ್ಲಿನ ಹುಡುಗರೆಲ್ಲ ಎಲೆಕ್ಟ್ರಿಕ್ ಹಿಡಿದು, ನಿನ್ನ ಎಲೆಕ್ಟ್ರಿಕ್ ಎಲ್ಲಿ ಎಂದು ಇವನನ್ನೇ ಕೇಳಿದರು. ಅವನ 1950ರ ಒಂದು ಹಾಡಿನಿಂದ ಹೆಸರು ಎತ್ತಿಕೊಂಡ ರೋಲಿಂಗ್ ಸ್ಟೋನ್ಸ್ ತಂಡ 1964ರಲ್ಲಿ ಶಿಕಾಗೋದ ಚೆಸ್ ಸ್ಟುಡಿಯೋಗೇ ಬಂದು ಮುದ್ರಿಸಿಕೊಂಡು ಹೋಯಿತು. ಅದಕ್ಕೂ ಮುಂಚೆ, 1955ರಲ್ಲಿ, ಸೇಂಟ್ ಲೂಯಿಸ್‌ನಿಂದ ಬಂದ ಚಕ್ ಬೆರ್ರಿ ಎಂಬ ಯುವಕ ಡಿಸ್ಕ್ ಮಾಡಲು ಯಾರನ್ನು ಕೇಳಲಿ ಎಂದಾಗ ಚೆಸ್ ಕಂಪನಿಯ ಮಾಲೀಕ ಲಿಯೊನಾರ್ಡ್ ಚೆಸ್ ಹತ್ತಿರ ಹೋಗು ಎಂದು ಕಳಿಸಿದವನೂ ಮಡ್ಡಿಯೇ. ಎತ್ತಿಕೊಂಡವರೆಲ್ಲ ಲೆಕ್ಕ ಕೊಟ್ಟರು ಎನ್ನುವಂತಿಲ್ಲ. ಇಂಗ್ಲೆಂಡಿನ ರಾಕ್ ತಂಡ ಲೆಡ್ ಝೆಪೆಲಿನ್‌ನ 1969ರ ದೊಡ್ಡ ಹಿಟ್ಟೊಂದರಲ್ಲಿ ವಿಲ್ಲಿ ಡಿಕ್ಸನ್ ಬರೆದು ಮಡ್ಡಿ ಹಾಡಿದ್ದ ಹಾಡಿನ ಸಾಲುಗಳಿದ್ದವು. ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋದ ಮೇಲೆ ರಾಜಿಯಾಯಿತು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಅವೇ ಸ್ವರ ನುಡಿಸಿದರೂ ಯಾಕೆ ಬರುವುದಿಲ್ಲ?

ಅವೇ ಸ್ವರ ಎಂದಿರಲ್ಲ, ಅಲ್ಲೇ ಇದೆ ಗಂಟು. ನಿಮ್ಮ ಫೋನಿನ ತಂಬೂರಿ ಆ್ಯಪ್‌ನಲ್ಲಿ ಷಡ್ಜವನ್ನು ‘ಎ’ಗೆ ಇಡಿ, ಅಪ್ಪನವರ ಹಾರ್ಮೋನಿಯಂ ಭಾಷೆಯಲ್ಲಿ ಬಿಳಿ ಆರು. ಪೆಡಲ್ ತೆಗೆದುಹಾಕಿ. ಗಿಟಾರಿನ ಮೂರನೇ ತಂತಿಯ 5ನೇ ಫ್ರೆಟ್ ಒತ್ತಿ: ಕೋಮಲ ಗಾಂಧಾರ. 6ನೇ ಫ್ರೆಟ್: ಶುದ್ಧ ಗಾಂಧಾರ. ಕರ್ನಾಟಕಿ ಕಲಿತವರು ಸಾಧಾರಣ, ಅಂತರ ಎಂದುಕೊಳ್ಳಿ. ಟ್ಯಾಬ್‌ನಲ್ಲಿ ಇವೆರಡಕ್ಕೇ ಅಂಕಿ ಇರುವುದು. ಮಡ್ಡಿಯ ಗಾಂಧಾರ ಬಹಳ ಸಲ ಇವೆರಡರ ನಡುವೆ ಎಲ್ಲೋ ಕೂತಿರುತ್ತದೆ, ಅಲ್ಲಿ ಫ್ರೆಟ್ ಇಲ್ಲ. ಸ್ಲೈಡ್ ಹಾಕಿದವನಿಗೆ ಫ್ರೆಟ್‌ನ ಹಂಗೂ ಇಲ್ಲ. ನೀವು ಬೆರಳಲ್ಲಿ ಅಲ್ಲಿಗೆ ಹೋಗಬೇಕಾದರೆ 5ನೇ ಫ್ರೆಟ್ಟಿನಲ್ಲೇ ಒತ್ತಿ ತಂತಿಯನ್ನು ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಎಳೆಯಿರಿ. 6ನೇ ಫ್ರೆಟ್ಟಿನ ಸ್ವರ ಮುಟ್ಟಬಾರದು. ತಂಬೂರಿ ಹಿಂದೆ ಇದ್ದರೆ ಆ ಜಾಗ ಸಿಕ್ಕಾಗ ಗೊತ್ತಾಗುತ್ತದೆ, ಸ್ವರ ಒಂದು ಕ್ಷಣ ಅತ್ತು ನಕ್ಕಂತಾಗುತ್ತದೆ. ರಾಕ್ ಕಲಿತವರು ಬೆಂಡ್ ಎಂದರೆ ಒಂದು ಫ್ರೆಟ್ಟಿನಿಂದ ಇನ್ನೊಂದಕ್ಕೆ ಪೂರ್ತಿ ಎಳೆಯುವುದು ಎಂದುಕೊಂಡಿರುತ್ತಾರೆ. ಸಿತಾರಿನ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಕೇಳಿ ಬೆಳೆದ ಧಾರವಾಡದವರಿಗೆ ನಡುವಿನ ದಾರಿಯೇ ಸಂಗೀತ ಎಂದು ನಾನು ಹೇಳಬೇಕೇ? ಬ್ಲೂಸ್ ಮತ್ತು ಮೀಂಡ್ ಒಂದೇ ಎಂದು ಹೊರಡಬೇಡಿ, ನಂಟಿಲ್ಲ. ಆದರೆ ನಿಮ್ಮ ಕಿವಿ ಆಗಲೇ ಪಳಗಿದೆ, ಅದನ್ನು ಬಳಸಿ.

ಒಂದೋ ಮೂರೋ ಕಾರ್ಡ್ ಎಂದು ಬರೆದಿರಿ. ರೋಲಿಂಗ್ ಸ್ಟೋನ್ಸ್ ಹೆಸರು ಎತ್ತಿಕೊಂಡ ಆ 1950ರ ಹಾಡಿನಲ್ಲಿ ಹೆಚ್ಚುಕಡಿಮೆ ಒಂದೇ ಕಾರ್ಡ್, ಅವನೊಬ್ಬನೇ, ಗಿಟಾರ್ ಒಂದೇ. ಒಂದೇ ಷಡ್ಜ ಹಿಡಿದು ಗಂಟೆಗಟ್ಟಲೆ ಹಾಡುವವರ ನಾಡಿನಲ್ಲಿ ಇದನ್ನು ಬಡತನ ಎಂದು ಯಾರೂ ಭಾವಿಸಬಾರದು. ನನ್ನ ಬ್ಲೂಸ್ ನೋಡಲು ಸುಲಭ, ನುಡಿಸಲು ಅಲ್ಲ ಎಂದು ಅವನೂ ಹೇಳಿಕೊಂಡಿದ್ದ.

ಎರಡನೆಯದು ಹೊತ್ತು. ಮಡ್ಡಿ ತಾಳದ ಪೆಟ್ಟಿನ ಮೇಲೆ ಹಾಡುವುದಿಲ್ಲ, ಅದರ ಹಿಂದೆ ಹಾಡುತ್ತಾನೆ. ತನ್ನನ್ನು ತಡವಾಗಿ ಬರುವ ಗಾಯಕ ಎಂದೇ ಕರೆದುಕೊಂಡಿದ್ದ, ಜೊತೆಗಾರರು ನನಗಾಗಿ ಕಾಯಬೇಕು ಎನ್ನುತ್ತಿದ್ದ. 1954ರ ‘ಹೂಚಿ ಕೂಚಿ ಮ್ಯಾನ್’ ತೆಗೆದುಕೊಳ್ಳಿ. ಬ್ಯಾಂಡ್ ಇಡಿಯಾಗಿ ಐದು ಸ್ವರದ ಒಂದು ಪೆಟ್ಟು ಕೊಟ್ಟು ಸುಮ್ಮನಾಗುತ್ತದೆ. ಹಾರ್ಮೋನಿಕಾದ ಲಿಟಲ್ ವಾಲ್ಟರ್, ಪಿಯಾನೋದ ಓಟಿಸ್ ಸ್ಪಾನ್, ಎರಡನೇ ಗಿಟಾರಿನ ಜಿಮ್ಮಿ ರಾಜರ್ಸ್, ಬಾಸ್ ಹಿಡಿದ, ಹಾಡು ಬರೆದ ಡಿಕ್ಸನ್, ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ಖಾಲಿ ಬಿದ್ದ ಆ ಜಾಗಕ್ಕೆ ಮಡ್ಡಿಯ ದನಿ ಅವಸರವಿಲ್ಲದೆ, ಊರಗೌಡ ಪಂಚಾಯಿತಿ ಕಟ್ಟೆಗೆ ಬಂದ ಹಾಗೆ, ತಡವಾಗಿ ಬಂದು ಕೂರುತ್ತದೆ. ಮತ್ತೆ ಪೆಟ್ಟು, ಮತ್ತೆ ಮೌನ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ನುಡಿಸಲು ಕೊಟ್ಟರೆ ಹತ್ತರಲ್ಲಿ ಒಂಬತ್ತು ಜನ ಆ ಮೌನವನ್ನು ತಡೆಯಲಾರದೆ ಏನಾದರೂ ಒಂದು ಸ್ವರ ತುರುಕುತ್ತಾರೆ. ನಿಮ್ಮ ನುಡಿಸಾಣಿಕೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಆರು ವರ್ಷ ಮೆಟಲ್ ನುಡಿಸಿದ ಬಲಗೈ ತಾಳ ಎಣಿಸುವ ಮೆಟ್ರೊನೋಮ್‌ಗಿಂತ ಒಂದು ಚೂರು ಮುಂದೆಯೇ ಓಡುತ್ತಿರುತ್ತದೆ ಎಂದು ಪಂಥ ಕಟ್ಟುತ್ತೇನೆ.

ಪೆಡಲ್ಲಿನ ಜೇನುಗೂಡಿಗೂ ಕಾರಣ ಇದೆ. ವಾಲ್ವ್ ಆಂಪನ್ನು ಅದರ ಮಿತಿಗೆ ಒಯ್ದರೆ ಅಲೆಯ ತುದಿ ನಿಧಾನಕ್ಕೆ ಚಪ್ಪಟೆಯಾಗುತ್ತದೆ, ಮೆಲ್ಲಗೆ ನುಡಿಸಿದರೆ ಶುದ್ಧ, ಜೋರಾಗಿ ಹೊಡೆದರೆ ಒರಟು. ಆಂಪ್ ನಿಮ್ಮ ಕೈಯ ಮಾತು ಕೇಳುತ್ತದೆ. ಪೆಡಲ್ಲಿನ ಗೇನ್ (ಒರಟುತನ ಹೆಚ್ಚಿಸುವ ನಾಬ್) ಪೂರ್ತಿ ಏರಿಸಿದರೆ ತುದಿ ಕತ್ತರಿಯಲ್ಲಿ ಕತ್ತರಿಸಿದಂತೆ ಹೋಗುತ್ತದೆ, ಮೆಲ್ಲಗೂ ಜೋರಿಗೂ ಒಂದೇ ಉತ್ತರ. ಅದರ ಮೇಲೆ ಸಣ್ಣ ಪ್ರಾಕ್ಟೀಸ್ ಆಂಪಿನ ಅಂಗೈಯಗಲದ ಸ್ಪೀಕರ್ ಕೀಚಲು ಭಾಗವನ್ನೇ ಎತ್ತಿ ತೋರಿಸುತ್ತದೆ. ಗೇನ್ ಹತ್ತರಲ್ಲಿ ಎರಡಕ್ಕೆ ಇಳಿಸಿ, ಪೆಡಲ್ಲಿನ ಲೆವೆಲ್ (ಒಟ್ಟು ಸದ್ದು) ಏರಿಸಿ. ಆಂಪಿನ ಟ್ರೆಬಲ್ (ಕೀಚಲು ಭಾಗ) ತಗ್ಗಿಸಿ, ಮಿಡ್ (ನಡುವಿನ ಭಾಗ) ಹೆಚ್ಚಿಸಿ. ಗಿಟಾರಿನ ವಾಲ್ಯೂಮ್ ನಾಬ್ ಆರರಲ್ಲಿ ಇಟ್ಟುಕೊಳ್ಳಿ, ಬೇಕಾದಲ್ಲಿ ಕಿರುಬೆರಳಲ್ಲಿ ಏರಿಸಬಹುದು. ಪಿಕ್ ಕೆಳಗಿಟ್ಟು ಹೆಬ್ಬೆರಳು, ತೋರುಬೆರಳಲ್ಲಿ ಮೀಟಿ ನೋಡಿ. ಒಂದು ಪೈಸೆ ಖರ್ಚಿಲ್ಲದೆ ಅರ್ಧ ದಾರಿ ಬಂದಿರುತ್ತೀರಿ.

ಇಷ್ಟಾದ ಮೇಲೂ ಆ ಹಳೆಯ ಆಂಪ್ ಕಣ್ಣಮುಂದೆ ಕುಣಿದರೆ ಮೂರು ಮಾತು. ಅಮೆರಿಕದಿಂದ ತಂದದ್ದು ಎಂದಿರಿ. ಅಲ್ಲಿಯ ಮನೆಯ ವಿದ್ಯುತ್ 120 ವೋಲ್ಟ್, ನಮ್ಮದು 230. ಹಿಂದಿನ ಫಲಕದಲ್ಲಿ ಎಷ್ಟು ವೋಲ್ಟ್ ಎಂದು ಬರೆದಿದೆ ನೋಡಿ. ಹೋದ ಮಳೆಗಾಲದಲ್ಲಿ ಒಬ್ಬರು ಇಂಥದ್ದೇ ಆಂಪನ್ನು ನೇರ ನಮ್ಮ ಸಾಕೆಟ್ಟಿಗೆ ಚುಚ್ಚಿ ನನ್ನ ಬಳಿ ತಂದರು. ಮುಚ್ಚಳ ಬಿಚ್ಚಿದರೆ ಕರಕಲು ವಾಸನೆ, ಟ್ರಾನ್ಸ್‌ಫಾರ್ಮರಿನ ವಾರ್ನಿಷ್ ಕರಗಿ ಕೆಳಗೆ ಹೆಪ್ಪುಗಟ್ಟಿತ್ತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, ಆಂಪಿನ ವಾಟೇಜ್‌ಗಿಂತ ಸಾಕಷ್ಟು ದೊಡ್ಡದೇ ಬೇಕು. ಅದರ ಬೆಲೆ, ತೂಕ ಎರಡೂ ಲೆಕ್ಕಕ್ಕೆ ಸೇರಿಸಿ. ಎರಡನೆಯದಾಗಿ, ಯೂಟ್ಯೂಬ್ ನೋಡಿ ನೀವೇ ಬಿಚ್ಚಬೇಡಿ. ಒಳಗೆ 300ರಿಂದ 400 ವೋಲ್ಟ್ ಓಡಾಡುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಅದು ಜೀವ ತೆಗೆಯುವಷ್ಟು. ಹಳೆಯ ಕೆಪಾಸಿಟರ್, ವಾಲ್ವ್ ಬದಲಿಸುವ ಖರ್ಚು ಮಾರುವವರು ಹೇಳುವ ಬೆಲೆಯಲ್ಲಿ ಸೇರಿರುವುದಿಲ್ಲ.

ಮೂರನೆಯದು ಕಿವಿ. ವಾಲ್ವ್ ಆಂಪ್ ತನ್ನ ಒರಟು ಧ್ವನಿ ಕೊಡುವುದು ಜೋರಾಗಿ ಇಟ್ಟಾಗ ಮಾತ್ರ. 85 ಡೆಸಿಬಲ್‌ಗೆ ದಿನಕ್ಕೆ ಎಂಟು ಗಂಟೆ ಕಿವಿ ಒಡ್ಡಬಹುದು ಎನ್ನುತ್ತಾರೆ. ಅಲ್ಲಿಂದ ಪ್ರತಿ 3 ಡೆಸಿಬಲ್‌ಗೆ ಅವಧಿ ಅರ್ಧವಾಗುತ್ತದೆ, 100ಕ್ಕೆ ಬಂದರೆ ಬರೀ ಕಾಲು ಗಂಟೆ. ನನ್ನ ಎಡಗಿವಿಯಲ್ಲಿ ಹದಿಮೂರು ವರ್ಷದಿಂದ ಒಂದು ಸಣ್ಣ ಶಿಳ್ಳೆ ನಿಲ್ಲದೆ ಕೇಳುತ್ತಿದೆ. ಕಾಲೇಜು ದಿನಗಳ ರಿಹರ್ಸಲ್ ಕೋಣೆಯ ಬಳುವಳಿ. ಹತ್ತಿ ತುರುಕಿಕೊಳ್ಳುವುದು ಪ್ರಯೋಜನಕ್ಕೆ ಬರುವುದಿಲ್ಲ, ಸಂಗೀತಗಾರರ ಇಯರ್‌ಪ್ಲಗ್ ಕೊಳ್ಳಿ.

ಕೊಳ್ಳಲೇಬೇಕೆಂದರೆ ಐದು ವಾಟ್‌ನ ಹೊಸ ಸಣ್ಣ ವಾಲ್ವ್ ಆಂಪ್, 230 ವೋಲ್ಟಿನದು, ವಾರಂಟಿ ಇರುವುದು ನೋಡಿ. ಮನೆಯ ಕೋಣೆಗೆ ಐದು ವಾಟೂ ಜಾಸ್ತಿಯೇ. ಅದಕ್ಕಿಂತ ಅಗ್ಗದ, ನನಗೆ ಹೆಚ್ಚು ಇಷ್ಟವಾದ ದಾರಿ ಇನ್ನೊಂದಿದೆ. ನಿಮ್ಮ ಆ 12ರ ತಂತಿಗಳನ್ನು ಬಿಸಾಡಬೇಡಿ. ಬ್ರಿಡ್ಜ್ ಅಲುಗಾಡದ, ಯಾರೋ ಮೂಲೆಗೆಸೆದ ಒಂದು ಹಳೆಯ ಗಿಟಾರ್ ಕಡಿಮೆ ಬೆಲೆಗೆ ಸಿಕ್ಕರೆ ಅದಕ್ಕೆ ಈ ತಂತಿ ಹಾಕಿ, ಓಪನ್ ಜಿ ಶ್ರುತಿಗೆ ಇಳಿಸಿ: ದಪ್ಪ ತಂತಿಯಿಂದ ಡಿ, ಜಿ, ಡಿ, ಜಿ, ಬಿ, ಡಿ. ಮೂರು ತಂತಿ ಒಂದೊಂದು ಸ್ವರ ಕೆಳಗಿಳಿಯುವುದರಿಂದ ನೆಕ್ಕಿನ ಭಾರವೂ ತಗ್ಗುತ್ತದೆ. ಕಿರುಬೆರಳಿಗೆ ಸ್ಲೈಡ್ ತೊಟ್ಟು ಫ್ರೆಟ್ ಪಟ್ಟಿಯ ನೇರ ಮೇಲೆ ಹಿಡಿಯಿರಿ, ಒತ್ತಬೇಡಿ, ಹಿಂದಿನ ಬೆರಳುಗಳು ತಂತಿಯನ್ನು ಹಗುರವಾಗಿ ಮುಟ್ಟಿ ಗಲಾಟೆ ತಡೆಯಲಿ. ಮೊದಲ ತಿಂಗಳು ಬೆಕ್ಕು ಕೂಗಿದ ಹಾಗೆ ಕೇಳಿಸುತ್ತದೆ. ಮನೆಯವರಿಗೆ ಮುಂಚೆಯೇ ಹೇಳಿಡಿ.

ಅಪ್ಪನವರ ಮಾತು ಕೊನೆಗೆ ಇಟ್ಟುಕೊಂಡಿದ್ದೆ. ಬ್ಲೂಸ್ ಷಫಲ್ ಎಂದರೆ ನಾಲ್ಕು ಪೆಟ್ಟು, ಒಂದೊಂದರೊಳಗೆ ಮೂರು ಮಾತ್ರೆ, ಒಟ್ಟು 12. ಅವರ ತಬಲಾ ಲೆಕ್ಕದಲ್ಲಿ ಆರು ಮಾತ್ರೆಯ ದಾದ್ರಾ ತಾಳದ ಎರಡು ಆವರ್ತನ. ಸಂಜೆ ಅವರನ್ನು ಕೂರಿಸಿಕೊಂಡು ದಾದ್ರಾ ಠೇಕಾ (ತಾಳದ ಮೂಲ ಬೋಲು) ನುಡಿಸಲು ಕೇಳಿಕೊಳ್ಳಿ, ಮಧ್ಯ ಲಯಕ್ಕಿಂತ ತುಸು ಚುರುಕು. ಒಂದು ಆವರ್ತನ ನುಡಿಸಿ, ಒಂದು ಪೂರ್ತಿ ಸುಮ್ಮನಿರಿ, ಮತ್ತೆ ಬರುವಾಗ ಸಮ್ (ಆವರ್ತನದ ಮೊದಲ ಪೆಟ್ಟು) ಕಳೆದ ಮೇಲೆ ಒಂದು ಉಸಿರು ಬಿಟ್ಟು ಬನ್ನಿ. ಲಯ ತಪ್ಪಿತು ಎಂದು ಅವರು ಬೈಯುತ್ತಾರೆ. ಬೈದರೂ ಠೇಕಾ ನಿಲ್ಲಿಸಬೇಡಿ ಅನ್ನಿ. ಎರಡನೇ ವಾರ ಬೈಗುಳ ನಿಂತಿದ್ದರೆ ನನಗೊಂದು ರೆಕಾರ್ಡಿಂಗ್ ಕಳಿಸಿ.